ನೆಲದೊಳಗಣ ಕೊಡುಕೊಳೆ

ಬೇರನ್ನು ಮರದ ಬಾಯಾಗಿ ಕಾಣುವ ದೃಷ್ಟಾಂತವೊಂದು ಬಸವಣ್ಣನವರ ವಚನದಲ್ಲಿದೆಯಷ್ಟೆ. ಜಂಗಮಕ್ಕೆ ನೀಡಿದುದೇ ಲಿಂಗಕ್ಕೆ ಮುಟ್ಟುವುದೆಂಬ ತತ್ತ್ವವನ್ನು ತೋಟಗಾರನೂ ಬೇಸಾಯಗಾರನೂ ಒಡನೆ ತಿಳಿದುಕೊಳ್ಳುವಂತೆ ಹೇಳಿದ ಮಾತು ಅದು. ದೃಷ್ಟಾಂತವು ತತ್ತ್ವಕ್ಕಾಗಿ ಹುಟ್ಟಿದುದೇ ಹೊರತು ಸಸ್ಯಶಾಸ್ತ್ರಕ್ಕಾಗಿ ಹುಟ್ಟಿದುದಲ್ಲ. ಆದುದರಿಂದ ಅದನ್ನು ಶಾಸ್ತ್ರದ ಒರೆಗೆ ಹಚ್ಚುವುದು ಉಚಿತವಲ್ಲ. ಆದರೂ ಮರವನ್ನು ಬಾಯಿಯಿಂದ ತಿಳಿಯಬೇಕೆಂದು ಕಲಿತ ಜನಕ್ಕೆ, ಆ ಬಾಯಿಗೂ ಇನ್ನೊಂದು ಬಾಯಿಯುಂಟು ಎಂಬ ಸಂಗತಿಯು ಕುತೂಹಲವನ್ನು ಹುಟ್ಟಿಸದಿರದು. ಬೇರಿನ ತುದಿಯಲ್ಲಿ ಮರವು ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಮತ್ತೊಂದು ಜೀವವು ಮೊದಲಾಗುತ್ತದೆ.

ಶಿವಮೊಗ್ಗ ನಗರದಿಂದ ಭದ್ರಾವತಿಗೆ ಸುಮಾರು ೨೦ ಕಿಲೋಮೀಟರ್ ದಾರಿ. ಈ ಎರಡು ಊರುಗಳ ಪಡುವಣಕ್ಕೆ ಹಬ್ಬಿರುವ ಶೆಟ್ಟಿಹಳ್ಳಿಯ ಕಾಡು, ಉಂಬ್ಳೇಬೈಲಿನ ಕಾಡು, ತೆಂಕಣಕ್ಕೆ ಭದ್ರಾ ಅಭಯಾರಣ್ಯ, ಇವೆಲ್ಲ ಮತ್ತಿ, ಹೊನ್ನೆ, ನಂದಿ, ಬೀಟೆ, ತೇಗಗಳ ನೆಲೆ. ಮುಂಗಾರಿನ ಮೊದಲ ಮಳೆಗಳು ಬಿದ್ದು ತರಗೆಲೆ ನೆನೆದ ಮೇಲೆ ಈ ಕಾಡುಗಳ ನೆಲದಲ್ಲಿ ಅಣಬೆಗಳೇಳುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಸಂಶೋಧಕರು ಜಿಲ್ಲೆಯ ಕಾಡುಗಳ ಅಣಬೆಗಳನ್ನು ಗುರುತಿಸಿ ಪಟ್ಟಿಮಾಡಿ ೨೦೦೮ರಲ್ಲಿ ಪ್ರಕಟಿಸಿದ್ದಾರೆ. ಮಲೆನಾಡಿನ ಗೃಹಿಣಿಯರು ಅಣಬೆಯನ್ನು ಬಲ್ಲರು. ಯಾವುದು ಸಾರಿಗೆ ಯೋಗ್ಯ, ಯಾವುದು ನಂಜು ಎಂಬುದನ್ನು ಅಜ್ಜಿಯಿಂದ ಕಲಿತಿರುತ್ತಾರೆ. ಆದರೆ ಅಣಬೆಯೆಂಬುದು ಆ ಜೀವದ ಹಣ್ಣು ಮಾತ್ರ. ಹಣ್ಣನ್ನು ಹೊತ್ತ ಗಿಡವು ನೆಲದೊಳಗೆ ನೂಲಿನಂತೆ ಹರಡಿಕೊಂಡಿರುತ್ತದೆ. ತಲೆಗೂದಲನ್ನು ಹತ್ತಾಗಿ ಸೀಳಿದರೆ ದೊರೆಯುವ ಎಳೆಯಷ್ಟು ತೆಳುವಾದ, ಕೆಲವೆಡೆ ಅದಕ್ಕಿಂತಲೂ ತೆಳುವಾದ ನೂಲು ಅದು. ಇನ್ನು, ಹಣ್ಣನ್ನೇ ನೆಲದ ಮೇಲಕ್ಕೆ ಕಳುಹದೆ ಮಣ್ಣಿನಲ್ಲಿಯೇ ಹುಟ್ಟಿ ಮಣ್ಣಿನಲ್ಲಿಯೇ ಬಾಳುವ ಶಿಲೀಂಧ್ರಗಳೂ ಉಂಟು. ಬೇರಿನ ಸಂಗಾತಿಗಳಲ್ಲಿ ಅತಿ ಹೆಚ್ಚು ಸಸ್ಯಗಳೊಡನೆ ಕೂಡಿರುವವು ಇವೇ.

ಈ ಕೂಟವನ್ನು ಗುರುತಿಸಿ ಹೆಸರಿಟ್ಟವನು ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಭೂಗತವಾಗಿ ಬೆಳೆಯುವ ಒಂದು ಬಗೆಯ ಬೆಲೆಬಾಳುವ ಅಣಬೆಯನ್ನು ಕೃಷಿಮಾಡಲು ಸಾಧ್ಯವೇ ಎಂದು ನೋಡಬೇಕೆಂಬುದು ಪ್ರಷ್ಯದ ಸರಕಾರ ಅವನಿಗೆ ಒಪ್ಪಿಸಿದ್ದ ಕೆಲಸ. ಆ ಅಣಬೆಯ ಕೃಷಿ ಅವನ ಕೈಗೆ ದಕ್ಕಲಿಲ್ಲ, ದಕ್ಕಿದುದು ಬೇರೆ. ಮರಗಳ ಎಳೆಬೇರುಗಳನ್ನು ಶಿಲೀಂಧ್ರವು ಕವಚದಂತೆ ಹೊದ್ದುಕೊಂಡಿರುವುದನ್ನೂ, ಹಾಗಿದ್ದರೂ ಬೇರು ರೋಗಗ್ರಸ್ತವಾಗದೆ ಸೊಂಪಾಗಿರುವುದನ್ನೂ ಕಂಡು ೧೮೮೫ರಲ್ಲಿ ಅವನು ಇದಕ್ಕೆ ‘ಮೈಕೊರೈಜಾ’ ಎಂದು ಹೆಸರಿಟ್ಟನು. ಗ್ರೀಕ್ ನುಡಿಯಲ್ಲಿ ಅಣಬೆ ಮತ್ತು ಬೇರು ಎಂಬ ಎರಡು ಪದಗಳ ಜೋಡಣೆ ಅದು. ಕನ್ನಡದಲ್ಲಿ ಬೇರಣಬೆ ಎಂದರೆ ಸಾಕು. ಬೇರನ್ನು ಮುತ್ತಿದ ಬೂಷ್ಟೆಲ್ಲ ರೋಗವೇ ಎಂದು ನಂಬಿದ್ದ ಅಂದಿನ ಪಂಡಿತರು ಫ್ರಾಂಕನ ಮಾತನ್ನು ಬಹುಕಾಲ ಒಪ್ಪಲಿಲ್ಲ.

ಬೇರಣಬೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬೇರನ್ನು ಹೊರಗಿನಿಂದ ಹೊದೆಯುತ್ತದೆ. ಘಟ್ಟದ ಧೂಪದ ಮರ, ಬೋಗಿ ಮುಂತಾದವುಗಳ ಕುಲಕ್ಕೆ ಈ ಬಗೆಯ ಸಂಗಾತಿಗಳಿವೆ. ಇನ್ನೊಂದು ಬೇರಿನ ಜೀವಕೋಶದೊಳಕ್ಕೇ ಹೊಕ್ಕು, ಅಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಗಿಡದಂತೆ ಕವಲೊಡೆಯುತ್ತದೆ. ತೇಗ, ಹೊನ್ನೆ, ಅಡಕೆ, ರಾಗಿ, ಜೋಳ, ತೊಗರಿ, ಇವೆಲ್ಲ ಈ ಎರಡನೆಯ ಬಗೆಯವು; ಭೂಮಿಯ ಮೇಲಿನ ಸಸ್ಯಜಾತಿಗಳಲ್ಲಿ ಹತ್ತರಲ್ಲಿ ಏಳರಷ್ಟು ಈ ಕೂಟಕ್ಕೆ ಸೇರಿವೆ. ಸಾಸಿವೆಯ ಮತ್ತು ಕೋಸಿನ ಕುಲ ಮಾತ್ರ ಯಾರ ನಂಟೂ ಬೇಡವೆಂದು ಸಾಮಾನ್ಯವಾಗಿ ದೂರವೇ ಉಳಿದಿದೆ. ಸಂಬಂಧವು ಎಷ್ಟು ಹಳೆಯದೆಂದರೆ, ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ದೊರೆತ ಸುಮಾರು ೪೦ ಕೋಟಿ ವರ್ಷಗಳ ಹಿಂದಿನ ಶಿಲಾಸಸ್ಯಗಳೊಳಗೆ ಈ ಕಿರುಗಿಡದ ಆಕೃತಿಗಳು ಹಾಗೆಯೇ ಉಳಿದುಬಂದಿವೆ. ಆ ಸಸ್ಯಗಳಿಗೆ ನಿಜವಾದ ಬೇರೇ ಇರಲಿಲ್ಲ. ಬೇರು ಹುಟ್ಟುವ ಮೊದಲೇ ಬೇರಿನ ಸಂಗಾತಿ ಬಂದಿತ್ತೆಂದಂತಾಯಿತು.

ಮಲೆನಾಡಿನ ಕೆಮ್ಮಣ್ಣಿನಲ್ಲಿ ಈ ಸಂಗಾತಿಯ ಕೆಲಸ ವಿಶೇಷವಾದುದು. ಆ ಮಣ್ಣಿನ ಕೆಂಪು ಕಬ್ಬಿಣದ ಕೆಂಪು. ಸಾವಿರಾರು ಮಳೆಗಾಲಗಳು ಕರಗುವುದನ್ನೆಲ್ಲ ತೊಳೆದುಕೊಂಡು ಹೋದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಆಕ್ಸೈಡುಗಳು ರಂಜಕವನ್ನು ಕಚ್ಚಿ ಹಿಡಿದು ಬಿಡಲೊಲ್ಲವು. ರಂಜಕವಿಲ್ಲದೆ ಎಲೆಯಿಲ್ಲ, ಬೀಜವಿಲ್ಲ. ಜೀವಕೋಶದ ಶಕ್ತಿಯ ವ್ಯವಹಾರವೆಲ್ಲ ಅದರ ಮೂಲಕವೇ ನಡೆಯತಕ್ಕದ್ದು. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿದ್ದ ರಂಜಕವನ್ನು ಹೀರಿದ ಮೇಲೆ ಅಲ್ಲಿ ಬರಗಾಲ ಬರುತ್ತದೆ, ಏಕೆಂದರೆ ರಂಜಕವು ಉಪ್ಪಿನಂತೆ ನೀರಿನೊಡನೆ ಹರಿದುಬರುವ ವಸ್ತುವಲ್ಲ. ನೂಲಿನಂತಹ ಶಿಲೀಂಧ್ರವು ಆ ಬರದ ಗಡಿಯನ್ನು ದಾಟಿ ಹಲವು ಸೆಂಟಿಮೀಟರ್ ದೂರ ಹೋಗುತ್ತದೆ. ಬೇರಿಗೆ ತೂರಲಾಗದ ಸಂದಿಗಳಲ್ಲಿ ತೂರಿ, ಸಿಕ್ಕಿದುದನ್ನು ಹೊತ್ತು ತರುತ್ತದೆ. ಬೇರನ್ನು ಹೊರಗಿನಿಂದ ಹೊದೆಯುವ ಬಗೆಯವಾದರೋ ಆಮ್ಲಗಳನ್ನು ಸ್ರವಿಸಿ ಖನಿಜದ ಹಿಡಿತವನ್ನೇ ಸಡಿಲಿಸಬಲ್ಲವು. ಇದಕ್ಕೆ ಪ್ರತಿಯಾಗಿ ಮರವು ತಾನು ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತರವರೆಗೆ ಕೆಳಕ್ಕೆ ಕಳುಹಿಸುತ್ತದೆ. ಸಕ್ಕರೆಯೊಂದೇ ಅಲ್ಲ, ಕೋಶದೊಳಗೆ ಬಾಳುವ ಬಗೆಯ ಶಿಲೀಂಧ್ರಕ್ಕೆ ಕೊಬ್ಬನ್ನು ತಾನೇ ಮಾಡಿಕೊಳ್ಳುವ ಶಕ್ತಿಯಿಲ್ಲ, ಅದನ್ನೂ ಸಸ್ಯವೇ ಕೊಡುತ್ತದೆ ಎಂಬುದು ೨೦೧೭ರಲ್ಲಿ ಖಚಿತವಾಯಿತು. ಜೀವಂತ ಬೇರಿಲ್ಲದೆ ಅದು ಬಾಳಿನ ಸುತ್ತನ್ನು ಪೂರೈಸಲಾರದು.

ಇಷ್ಟನ್ನು ಕೇಳಿದ ಕೂಡಲೆ ಧರ್ಮಪ್ರವಚನಕ್ಕೆ ಕುಳಿತವರ ನಾಲಗೆಗೆ ‘ದಾಸೋಹ’ ಎಂಬ ಪದ ಬಂದುಬಿಡುತ್ತದೆ. ಮರವು ದುಡಿದು ಗಳಿಸಿದುದನ್ನು ಕಾಣದ ಜೀವಕ್ಕೆ ಸಲ್ಲಿಸುತ್ತದೆ. ಆ ಜೀವವು ತಂದುದನ್ನು ಮರಕ್ಕೆ ನೀಡುತ್ತದೆ. ಇದಕ್ಕಿಂತ ಚೆಲುವಾದ ಉದಾಹರಣೆ ಬೇಕೆ? ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಚೆಲುವಾದ ಉದಾಹರಣೆಯೆಲ್ಲ ನಿಜವಾದ ಉದಾಹರಣೆಯಲ್ಲ. ಕಾಡಿನ ಕುರಿತು ಮನುಷ್ಯನು ತನಗೆ ಬೇಕಾದುದನ್ನು ಕಾಡಿನ ಬಾಯಿಂದ ಹೇಳಿಸುವ ಅಭ್ಯಾಸ ಬಹಳ ಹಳೆಯದು.

೧೯೯೭ರಲ್ಲಿ ಕೆನಡ ದೇಶದ ಸುಜಾನ್ ಸಿಮಾರ್ಡ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬರ್ಚ್ ಎಂಬ ಮರದ ಸಸಿಗೂ ಫರ್ ಎಂಬ ಮರದ ಸಸಿಗೂ ಗುರುತುಹಚ್ಚಿದ ಇಂಗಾಲವನ್ನು ಉಣಿಸಿ ನೋಡಿದಾಗ, ಒಂದರ ಇಂಗಾಲವು ಮತ್ತೊಂದರಲ್ಲಿ ಕಾಣಿಸಿಕೊಂಡಿತು. ನೆರಳಿನಲ್ಲಿ ಬಳಲುತ್ತಿದ್ದ ಸಸಿಗೆ ಹೆಚ್ಚು ಬಂದಿತ್ತು. ನೆಲದೊಳಗಿನ ಶಿಲೀಂಧ್ರದ ಜಾಲವೇ ಇದಕ್ಕೆ ದಾರಿಯೆಂದು ಊಹಿಸಲಾಯಿತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಈ ಮಾತು ಪುಸ್ತಕಗಳಿಗೂ ಚಲಚ್ಚಿತ್ರಗಳಿಗೂ ಹೋಗಿ ತಾಯಿಮರವು ಮಕ್ಕಳಿಗೆ ಉಣಿಸುವ ಕಥೆಯಾಯಿತು, ನೆರೆಮರವು ನೆರೆಮರಕ್ಕೆ ಎಚ್ಚರಿಕೆ ಹೇಳುವ ಕಥೆಯಾಯಿತು. ೨೦೨೩ರಲ್ಲಿ ಜಸ್ಟೀನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೋಕ್ಸೆಮಾ ಎಂಬ ಮೂವರು ವಿಜ್ಞಾನಿಗಳು ನಡೆದ ಪ್ರಯೋಗಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಬೆಳೆದು ನಿಂತ ಕಾಡಿನಲ್ಲಿ ಇಂತಹ ಉಪಕಾರ ನಡೆಯುತ್ತದೆ ಎನ್ನುವುದಕ್ಕೆ ಸಾಕ್ಷ್ಯವು ಸಾಲದೆಂದೂ, ಒಪ್ಪುವ ಫಲಿತಾಂಶವನ್ನಷ್ಟೇ ಎತ್ತಿಹಿಡಿದು ಒಪ್ಪದುದನ್ನು ಬದಿಗಿಡುವ ಪಕ್ಷಪಾತವು ಬೆಳೆದಿದೆಯೆಂದೂ ಬರೆದರು. ಅವರಲ್ಲಿ ಜೋನ್ಸ್ ಎಂಬಾಕೆ ೧೯೯೭ರ ಆ ಪ್ರಬಂಧದ ಬರೆಹಗಾರರಲ್ಲಿಯೂ ಒಬ್ಬರು. ತಾವು ಪಾಲುಗೊಂಡ ಕೆಲಸಕ್ಕೆ ಜಗತ್ತು ತೊಡಿಸಿದ ಕಿರೀಟವನ್ನು ತಾವೇ ಇಳಿಸಿ ನೋಡಿ ತೂಕ ಹೇಳುವುದು ಸಣ್ಣ ಮಾತಲ್ಲ. ನುಡಿದಂತೆ ನಡೆಯುವುದೆಂದರೆ ಇದೂ ಒಂದು ರೀತಿ ಎನ್ನಬಹುದು.

ಕೂಟವಿದೆ ಎಂಬುದರಲ್ಲಿ ಸಂದೇಹವಿಲ್ಲ. ಬೇರು ಮತ್ತು ಶಿಲೀಂಧ್ರಗಳ ನಡುವಣ ಕೊಡುಕೊಳೆಯಲ್ಲಿಯೂ ಸಂದೇಹವಿಲ್ಲ. ಸಂದೇಹವಿರುವುದು ಕರುಣೆಯ ವಿಷಯದಲ್ಲಿ. ೨೦೧೧ರಲ್ಲಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ತೋರಿಸಿದುದೇನೆಂದರೆ, ಹೆಚ್ಚು ರಂಜಕ ತಂದ ಶಿಲೀಂಧ್ರಕ್ಕೆ ಬೇರು ಹೆಚ್ಚು ಸಕ್ಕರೆ ಕೊಡುತ್ತದೆ. ಹೆಚ್ಚು ಸಕ್ಕರೆ ಕೊಟ್ಟ ಬೇರಿಗೆ ಶಿಲೀಂಧ್ರವು ಹೆಚ್ಚು ರಂಜಕ ಕೊಡುತ್ತದೆ. ಎರಡು ಕಡೆಯೂ ಲೆಕ್ಕವಿಟ್ಟಿವೆ. ಇದು ಸಂತೆಯ ವ್ಯವಹಾರಕ್ಕೆ ಹತ್ತಿರವೇ ಹೊರತು ಮಹಾಮನೆಯ ಪಂಕ್ತಿಗೆ ಹತ್ತಿರವಲ್ಲ. ವಿನಿಮಯವು ಹೀನವೆಂದು ಇದರ ಅರ್ಥವಲ್ಲ. ಸರಿಯಾದ ತೂಕದಿಂದ ನಡೆದ ಸಂತೆಯೂ ಊರನ್ನು ಪೊರೆಯುತ್ತದೆ. ಆದರೆ ಶರಣರು ವ್ಯಾಪಾರವನ್ನೂ ದಾಸೋಹವನ್ನೂ ಒಂದೇ ಎಂದು ಕರೆಯಲಿಲ್ಲ. ಕೊಟ್ಟೆನೆಂಬ ಭಾವವನ್ನು ಅಳಿದು, ಪ್ರತಿಫಲವನ್ನು ಬಯಸದೆ, ಇದು ತನ್ನದಲ್ಲವೆಂದು ಅರಿತು ಸಲ್ಲಿಸುವುದಕ್ಕೆ ಆ ಹೆಸರು. ಮರಕ್ಕೆ ಕೊಟ್ಟೆನೆಂಬ ಅಹಂಕಾರವಿಲ್ಲ, ನಿಜ. ಆದರೆ ಕೊಡುತ್ತಿದ್ದೇನೆಂಬ ಅರಿವೂ ಇಲ್ಲ. ಅರಿವಿಲ್ಲದ ಕಡೆ ಅಹಂಕಾರ ಅಳಿಯಿತೆಂದು ಹೊಗಳುವುದು ಕುರುಡನು ಪರಸ್ತ್ರೀಯನ್ನು ನೋಡಲಿಲ್ಲವೆಂದು ಮೆಚ್ಚಿದಂತೆ.

ಗಂಧದ ಮರದ ಸಂಗತಿಯು ಈ ಮಾತನ್ನು ಇನ್ನಷ್ಟು ಬಿಗಿಮಾಡುತ್ತದೆ. ಶಿವಮೊಗ್ಗ ಗಂಧದ ನಾಡು. ಮೈಸೂರು ಸಂಸ್ಥಾನವು ೧೯೧೬ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆದ ಮೇಲೆ ೧೯೪೪ರಲ್ಲಿ ಎರಡನೆಯದನ್ನು ತೆರೆದದ್ದು ಶಿವಮೊಗ್ಗ ನಗರದಲ್ಲಿಯೇ. ಸಾಗರ ಸೊರಬಗಳ ಗುಡಿಗಾರರ ಕೈಯಲ್ಲಿ ಅದೇ ಮರವು ದೇವತೆಗಳ ಮೂರ್ತಿಯಾಗುತ್ತದೆ. ತೇದಷ್ಟೂ ಕಂಪು ಕೊಡುವ ಕೊರಡೆಂದು ಅದು ತ್ಯಾಗಕ್ಕೂ ಸಹನೆಗೂ ಉಪಮಾನವಾಗಿ ವಚನಗಳಿಂದ ಮದುವೆಯ ಹಾಡುಗಳವರೆಗೆ ಬಂದಿದೆ. ನೆಲದೊಳಗೆ ನೋಡಿದರೆ ಈ ಮರದ ನಡತೆ ಬೇರೆ. ಅದರ ಬೇರುಗಳು ನೆರೆಯ ಮರಗಳ ಬೇರುಗಳನ್ನು ಹುಡುಕಿ, ಬಟ್ಟಲಿನಂತಹ ಹಿಡಿಕೆಯಿಂದ ಕಚ್ಚಿ, ಅವುಗಳ ನೀರನ್ನೂ ಸಾರವನ್ನೂ ಎಳೆದುಕೊಳ್ಳುತ್ತವೆ. ೧೮೭೧ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ ಇದನ್ನು ಬರೆದು ತಿಳಿಸಿದಾಗ ನಂಬದವರೇ ಬಹಳ. ಇಂದು ಅದು ಸಸಿ ಬೆಳೆಸುವವರ ದಿನಬಳಕೆಯ ತಿಳಿವಳಿಕೆ. ಗಂಧದ ಸಸಿಯ ಬದಿಗೆ ತೊಗರಿಯನ್ನೋ ಮತ್ತೊಂದು ಗಿಡವನ್ನೋ ನೆಡದಿದ್ದರೆ ಅದು ಬಡಕಲಾಗಿ ನಿಲ್ಲುತ್ತದೆ. ಕೊಡುವುದಕ್ಕೆ ಮಾದರಿಯೆಂದು ಲೋಕವು ಕೊಂಡಾಡಿದ ಮರವು ಕೊಳ್ಳುವುದರಲ್ಲಿ ನಿಪುಣವಾದುದು. ಇದರಿಂದ ಗಂಧದ ಕಂಪು ಕಡಿಮೆಯಾಗದು, ದೃಷ್ಟಾಂತವೂ ಕೆಡದು; ನಮ್ಮ ನೀತಿಯನ್ನು ಮರದಿಂದ ಸಾಲ ತರಬಾರದೆಂಬುದಷ್ಟೇ ಸ್ಪಷ್ಟವಾಗುತ್ತದೆ.

ಹಾಗಾದರೆ ನೆಲದೊಳಗಿನ ಈ ವ್ಯವಹಾರಕ್ಕೂ ಗೃಹಸ್ಥನ ಧರ್ಮಕ್ಕೂ ಏನೂ ಸಂಬಂಧವಿಲ್ಲವೆ? ಸಂಬಂಧವಿದೆ, ಆದರೆ ಬೇರೆ ದಿಕ್ಕಿನಿಂದ. ಮರ ಮತ್ತು ಶಿಲೀಂಧ್ರಗಳು ತಮ್ಮತಮ್ಮಲ್ಲಿ ಲೆಕ್ಕವನ್ನು ಸರಿಮಾಡಿಕೊಂಡಿವೆ. ಲೆಕ್ಕ ಸರಿಯಾಗದಿರುವುದು ಮೂರನೆಯವನದು. ಆ ಕೂಟದಿಂದ ಮರವನ್ನೂ ಎಲೆಯನ್ನೂ ಬೆಳೆಯನ್ನೂ ಪಡೆದು, ಅದಕ್ಕೆ ಏನನ್ನೂ ಸಲ್ಲಿಸದ ಮನುಷ್ಯನದು. ಅರಿಯದೆ ಪಡೆದುದಕ್ಕೆ ಋಣವುಂಟೆ? ಅರಿಯದೆ ಮಾಡಿದ ಹಾನಿಗೆ ಹೊಣೆಯುಂಟೆ? ಈ ಪ್ರಶ್ನೆಯನ್ನು ಭದ್ರಾವತಿಯಷ್ಟು ನೇರವಾಗಿ ಕೇಳುವ ಊರು ನಾಡಿನಲ್ಲಿ ಮತ್ತೊಂದು ಸಿಕ್ಕುವುದು ಕಷ್ಟ.

ಹಿಂದೆ ಆ ಊರಿಗೆ ಬೆಂಕಿಪುರವೆಂದು ಹೆಸರಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೨ರಿಂದ ೧೯೧೮ರ ಅವಧಿಯ ಕೊನೆಯಲ್ಲಿ ರೂಪುಗೊಂಡ ಯೋಜನೆಯಂತೆ ಅಲ್ಲಿ ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಏಳತೊಡಗಿತು; ೧೯೨೩ರ ಜನವರಿಯಲ್ಲಿ ಊದುಕುಲುಮೆಗೆ ಉರಿ ಹೊತ್ತಿತು. ಅದರ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಮರವಿತ್ತು. ಮರವನ್ನು ಬಟ್ಟಿಯಿಳಿಸುವ ಮತ್ತು ಕಬ್ಬಿಣ ತೆಗೆಯುವ ಕಾರ್ಖಾನೆಯೆಂದೇ ಅದನ್ನು ಕರೆದರು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಕರಗಬೇಕಾದರೆ ಇದ್ದಿಲು ಬೇಕು. ಇದ್ದಿಲಿಗೆ ಕಾಡು ಬೇಕು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂದಿತು, ಸೌದೆ ಸುತ್ತಣ ಮಲೆನಾಡಿನಿಂದ ಬಂದಿತು. ಒಂದು ಟನ್ ಇದ್ದಿಲಿಗೆ ನಾಲ್ಕಾರು ಟನ್ ಸೌದೆ ಹೋಗುತ್ತದೆ. ಹೊಗೆಯನ್ನು ಕೂಡ ಬಿಡದೆ ತಣಿಸಿ ಮರದ ಸ್ಪಿರಿಟು, ಆಮ್ಲ, ಡಾಂಬರುಗಳನ್ನು ತೆಗೆದರು. ಕಾಡಿನ ಮಣ್ಣಿನಲ್ಲಿ ರಂಜಕವನ್ನು ಕಚ್ಚಿಹಿಡಿದ ಕಬ್ಬಿಣವೂ, ಆ ಹಿಡಿತದ ನಡುವೆಯೇ ರಂಜಕವನ್ನು ಪಡೆದು ಬೆಳೆದ ಮರವೂ ಒಂದೇ ಕುಲುಮೆಯಲ್ಲಿ ಎದುರುಬದುರಾದವು. ೧೯೫೦ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಇದ್ದಿಲಿನ ಊದುಕುಲುಮೆಯ ಕಾಲ ಹಿಂದೆ ಸರಿಯಿತು.

ಆ ಕಾರ್ಖಾನೆಯನ್ನು ಹಳಿಯುವುದು ಸುಲಭ, ಹಳಿಯುವುದು ನ್ಯಾಯವಲ್ಲ. ಸಾವಿರಾರು ಮನೆಗಳಲ್ಲಿ ಅದು ಒಲೆ ಹೊತ್ತಿಸಿತು, ಮಕ್ಕಳನ್ನು ಓದಿಸಿತು. ಕುಲುಮೆಯ ಮುಂದೆ ನಿಂತು ಬೆವರು ಸುರಿಸಿದ ಕೆಲಸಗಾರನ ಕಾಯಕಕ್ಕೆ ಕಳಂಕ ಹಚ್ಚುವ ಹಕ್ಕು ಅದೇ ಕಬ್ಬಿಣದ ನೇಗಿಲು, ಕಿಟಕಿಯ ಸರಳುಗಳನ್ನು ಬಳಸಿದ ಯಾರಿಗೂ ಇಲ್ಲ. ಮರ ಕಡಿದರೆ ಮಣ್ಣೊಳಗಿನ ನೂಲಿಗೆ ಏನಾಗುವುದೆಂದು ೧೯೨೩ರಲ್ಲಿ ಕೊಡಲಿಯವನಿಗೂ ಗೊತ್ತಿರಲಿಲ್ಲ, ಅವನಿಗೆ ಅಪ್ಪಣೆ ಕೊಟ್ಟವನಿಗೂ ಗೊತ್ತಿರಲಿಲ್ಲ. ಆದುದರಿಂದ ಅವರಿಗೆ ದೋಷವನ್ನು ಹೊರಿಸಲಾಗದು. ಆದರೆ ದೋಷವಿಲ್ಲವೆಂದ ಮಾತ್ರಕ್ಕೆ ಹಾನಿಯಿಲ್ಲವೆಂದಾಗಲಿಲ್ಲ. ಬೆಂಕಿ, ಅರಿಯದೆ ಕೈಯಿಟ್ಟ ಮಗುವನ್ನೂ ಸುಡುತ್ತದೆ. ಮಗುವಿಗೆ ಪಾಪ ತಟ್ಟದು. ಗಾಯಕ್ಕೆ ಔಷಧ ಹಚ್ಚುವ ಕೆಲಸ ಮಾತ್ರ ಮನೆಯವರಿಗೆ ತಪ್ಪದು.

ಕಡಿಯುವುದರಲ್ಲಿಯೂ ಭೇದವುಂಟೆಂಬುದನ್ನು ಇಲ್ಲಿ ನೆನೆಯಬೇಕು. ಕಡಿದ ಬುಡವು ಮತ್ತೆ ಚಿಗುರುವಂತೆ ಬಿಟ್ಟ ಕಡೆ ಬೇರು ಬದುಕಿರುತ್ತದೆ. ಬೇರು ಬದುಕಿದ್ದರೆ ಸಂಗಾತಿಯೂ ಹಸಿವಿನಿಂದಾದರೂ ಉಸಿರಾಡಿಕೊಂಡಿರುತ್ತದೆ. ಬುಡವನ್ನು ಕಿತ್ತು, ಬೆಂಕಿಯಿಟ್ಟು, ಯಂತ್ರದಿಂದ ಉತ್ತು, ಒಂದೇ ಜಾತಿಯ ಮರವನ್ನು ಸಾಲಾಗಿ ನೆಟ್ಟ ಕಡೆ ಕಥೆಯೇ ಬೇರೆ. ೧೯೩೬ರಲ್ಲಿ ಭದ್ರಾವತಿಯಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದದ ಕಾರ್ಖಾನೆಗೆ ೧೯೮೦ರಲ್ಲಿ ಸರಕಾರವು ೨೦,೦೦೦ ಹೆಕ್ಟೇರಿಗೂ ಮೀರಿದ ಅರಣ್ಯಭೂಮಿಯನ್ನು ನೆಡುತೋಪುಗಳಿಗಾಗಿ ಗೇಣಿಗೆ ಕೊಟ್ಟಿತು. ಅಕೇಶಿಯಾ, ನೀಲಗಿರಿಗಳು ಮಲೆನಾಡಿನ ಗುಡ್ಡಗಳನ್ನೇರಿದವು. ನಲವತ್ತು ವರ್ಷಗಳ ಗೇಣಿ ೨೦೨೦ರಲ್ಲಿ ಮುಗಿದಾಗ ಅದನ್ನು ಮುಂದುವರಿಸುವುದರ ವಿರುದ್ಧ ಮಲೆನಾಡಿನಲ್ಲಿ ಗಟ್ಟಿಯಾದ ದನಿ ಎದ್ದಿತು. ನೆಡುತೋಪಿನ ಮಣ್ಣು ಬರಡೆಂದು ಹೇಳುವುದು ಸತ್ಯಕ್ಕೆ ದೂರ. ಅಕೇಶಿಯಾ ನೀಲಗಿರಿಗಳಿಗೂ ಅವುಗಳವೇ ಆದ ಬೇರಣಬೆಗಳಿವೆ, ಅವು ಅಲ್ಲಿ ಸೊಂಪಾಗಿಯೇ ಇರುತ್ತವೆ. ಹೋದುದು ವೈವಿಧ್ಯ. ನೂರು ಜಾತಿಯ ಮರಗಳ ಕೆಳಗೆ ಬಾಳಿದ್ದ ಬಗೆಬಗೆಯ ಸಂಗಾತಿಗಳೆಲ್ಲಕ್ಕೂ ಒಂದೇ ಮರದ ಕೆಳಗೆ ಎಡೆ ದೊರೆಯದು. ಮಲೆನಾಡಿನ ಸೀತಾಳೆ ದಂಡೆಯ ಬೀಜವನ್ನು ನೋಡಿರಿ. ಧೂಳಿನಷ್ಟು ಸಣ್ಣದು, ಒಳಗೆ ಉಣಿಸಿನ ಕಣವಿಲ್ಲ. ತಕ್ಕ ಶಿಲೀಂಧ್ರವು ಬಂದು ಊಡಿಸಿದಲ್ಲದೆ ಅದು ಕಾಡಿನಲ್ಲಿ ಮೊಳೆಯದು. ಅಂತಹ ಒಂದು ದಾದಿ ಕಾಣೆಯಾದರೆ ಹೂವೂ ಕಾಣೆಯಾಗುತ್ತದೆ, ಕಾರಣ ಯಾರಿಗೂ ತಿಳಿಯದೆ.

೧೯೨೩ಕ್ಕೂ ೧೯೮೦ಕ್ಕೂ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಎರಡನೆಯ ಸಲ ಅರಿಯದೆ ಮಾಡಿದೆವೆನ್ನುವುದು ಅಷ್ಟು ಸುಲಭವಲ್ಲ. ೧೯೭೦ರ ದಶಕದಲ್ಲಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಬೇರಣಬೆಗಳ ಮೇಲೆ ಕೆಲಸಮಾಡುತ್ತಿದ್ದರು. ಬೆಳೆಗೂ ಮರಕ್ಕೂ ಅವುಗಳಿಂದಾಗುವ ಉಪಕಾರವನ್ನು ಪ್ರಯೋಗಗಳಿಂದ ತೋರಿಸುತ್ತ ಬಂದರು. ತಿಳಿವಳಿಕೆ ನಾಡಿನಲ್ಲಿಯೇ ಇತ್ತು, ನಿರ್ಧಾರದ ಮೇಜಿನವರೆಗೆ ನಡೆದು ಹೋಗಲಿಲ್ಲ. ಅರಿವು ಒಬ್ಬನಲ್ಲಿ, ಆಚಾರ ಮತ್ತೊಬ್ಬನಲ್ಲಿ ಇದ್ದರೆ ಅರಿವು ಕುಂಟು, ಆಚಾರ ಕುರುಡು. ಅರಿವಿಗೆ ಆಚಾರವು ಜೊತೆಗೂಡಬೇಕೆಂದು ಶರಣರು ಮತ್ತೆ ಮತ್ತೆ ಹೇಳಿದುದು ಒಬ್ಬ ಭಕ್ತನ ಅಂತರಂಗ ಬಹಿರಂಗಗಳನ್ನು ಕುರಿತು ಎಂದೇ ಸಾಮಾನ್ಯವಾಗಿ ತಿಳಿಯುತ್ತೇವೆ. ಒಂದು ನಾಡಿನ ವಿಷಯದಲ್ಲಿಯೂ ಅದು ಸಲ್ಲುವ ಮಾತು.

ಕಾರ್ಖಾನೆಗಳ ಮಾತು ದೊಡ್ಡದಾಯಿತು. ಅವುಗಳ ಹೆಸರು ಹೇಳಿ ಗೃಹಸ್ಥನು ಪಾರಾಗುವುದು ಸರಿಯಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬಗಳ ಅಡಕೆಯ ತೋಟಕ್ಕೆ ಸೊಪ್ಪಿನಬೆಟ್ಟವುಂಟು. ತೋಟದ ಫಲವತ್ತತೆಗಾಗಿ ಬೆಟ್ಟದ ಸೊಪ್ಪು ದರಗುಗಳನ್ನು ತರುವ ಹಕ್ಕು ತಲೆಮಾರುಗಳಿಂದ ನಡೆದುಬಂದಿದೆ. ಹದವರಿತು ತಂದ ಕಾಲದಲ್ಲಿ ಬೆಟ್ಟವೂ ಉಳಿದಿತ್ತು, ತೋಟವೂ ಉಳಿದಿತ್ತು. ಬೆಟ್ಟವೆಂಬುದು ಹೀಗೆ ಕಾಡನ್ನು ಕಾಯುವುದಕ್ಕೂ ಕಾರಣವಾಗಿತ್ತು. ಆದರೆ ಪ್ರತಿ ವರ್ಷ ಕಸಬರಿಗೆಯಿಂದ ಗುಡಿಸಿದಂತೆ ದರಗನ್ನೆಲ್ಲ ಹೊತ್ತು ತಂದರೆ, ಮರವು ಎಲೆಯ ಮೂಲಕ ನೆಲಕ್ಕೆ ಮರಳಿಸಬೇಕಾಗಿದ್ದ ರಂಜಕವೂ ಆ ಹೊರೆಯೊಡನೆ ಬಂದುಬಿಡುತ್ತದೆ. ಮಣ್ಣಿನ ಮೇಲ್ಪದರವು ಬಿಸಿಲಿಗೂ ಮಳೆಹೊಡೆತಕ್ಕೂ ತೆರೆದುಕೊಳ್ಳುತ್ತದೆ. ಎಳೆಬೇರುಗಳೂ ಶಿಲೀಂಧ್ರದ ನೂಲುಗಳೂ ಬಹುಪಾಲು ಇರುವುದು ಆ ಮೇಲ್ಪದರದಲ್ಲಿಯೇ. ತೋಟವನ್ನು ಊಡಲು ಬೆಟ್ಟವನ್ನು ಉಪವಾಸ ಕೆಡವಿದಂತೆ.

ಇನ್ನು ಚೀಲದ ಗೊಬ್ಬರ. ಸೂಪರ್ ಫಾಸ್ಫೇಟನ್ನು ಕಂಡಾಬಟ್ಟೆ ಸುರಿದ ಗದ್ದೆ ತೋಟಗಳಲ್ಲಿ ಬೇರಣಬೆಯು ಕಡಿಮೆಯಾಗುತ್ತದೆಂಬುದು ಅನೇಕ ಪ್ರಯೋಗಗಳಲ್ಲಿ ಕಂಡ ಸಂಗತಿ. ವಿಷದಿಂದ ಸಾಯುವುದಲ್ಲ ಅದು. ಕಾಲಬುಡದಲ್ಲಿಯೇ ರಂಜಕ ರಾಶಿಬಿದ್ದಿರುವಾಗ ದೂರದಿಂದ ಹೊತ್ತು ತರುವವನಿಗೆ ಗಿಡವು ಏಕೆ ಕೂಲಿ ಕೊಟ್ಟೀತು? ಸಕ್ಕರೆಯನ್ನು ತಡೆಹಿಡಿಯುತ್ತದೆ; ಸಂಗಾತಿ ಸೊರಗುತ್ತದೆ. ಮುಂದೊಂದು ದಿನ ಗೊಬ್ಬರದ ಬೆಲೆಯೇರಿ ಚೀಲ ಬಾರದಿದ್ದಾಗ ಹಳೆಯ ನಂಟನ್ನು ಕರೆದರೆ ಬರುವವರು ಉಳಿದಿರುವುದಿಲ್ಲ. ಕೈಗೆ ಹಣ ಬಂದ ಮೇಲೆ ನೆರೆಹೊರೆಯ ಹಂಗೇಕೆಂದು ಬಾಗಿಲು ಹಾಕಿಕೊಂಡ ಮನೆಗಳನ್ನು ಊರಿನ ಹಿರಿಯರು ಕಂಡಿರುತ್ತಾರೆ. ಮನೆಯವನಿಗೆ ತಿಳಿವಳಿಕೆಯಿದೆ, ಗಿಡಕ್ಕಿಲ್ಲ, ಇಷ್ಟೇ ಅಂತರ. ಗೊಬ್ಬರವೇ ಬೇಡವೆಂದು ವಾದಿಸುವುದು ಅವಿವೇಕ. ಮಣ್ಣು ಪರೀಕ್ಷೆ ಮಾಡಿಸಿ ಎಷ್ಟು ಬೇಕೋ ಅಷ್ಟನ್ನು ಹಾಕುವುದು ಜೇಬಿಗೂ ಹಿತ, ನೆಲಕ್ಕೂ ಹಿತ. ಪದೇ ಪದೇ ಉಳುವುದರಿಂದಲೂ ನೂಲು ಹರಿಯುತ್ತದೆ. ಬೆಳೆಯಿಲ್ಲದೆ ಬಹುಕಾಲ ಬೋಳುಬಿಟ್ಟ ನೆಲದಲ್ಲಿ ಜೀವಂತ ಬೇರು ಸಿಕ್ಕದೆ ಶಿಲೀಂಧ್ರವು ಕ್ಷೀಣಿಸುತ್ತದೆ. ಯಾವ ಕಾಲದಲ್ಲಿಯೂ ನೆಲದಲ್ಲಿ ಒಂದಲ್ಲ ಒಂದು ಬೇರು ಬದುಕಿರುವಂತೆ ನೋಡಿಕೊಂಡರೆ ಸಾಲದ ಒಂದು ಕಂತು ತೀರಿದಂತೆ.

ಕಳೆದುಹೋದುದನ್ನು ಮರಳಿ ತರುವುದು ಸಾಧ್ಯವೆ ಎಂಬ ಪ್ರಶ್ನೆಗೆ ದೂರದ ಒಂದು ದ್ವೀಪದಿಂದ ಉತ್ತರ ದೊರೆಯುತ್ತದೆ. ವೆಸ್ಟ್ ಇಂಡೀಸಿನ ಪೋರ್ಟೊರಿಕೊದಲ್ಲಿ ಪೈನ್ ಮರಗಳನ್ನು ಬೆಳೆಸಲು ಬಹುಕಾಲ ಪ್ರಯತ್ನ ನಡೆಯಿತು. ಗೊಬ್ಬರ ಹಾಕಿದರೂ ಸಸಿಗಳು ಹಳದಿಗಟ್ಟಿ ಸತ್ತವು. ೧೯೫೫ರಲ್ಲಿ ಅಮೆರಿಕದ ಪೈನ್ ಕಾಡಿನಿಂದ ತಂದ ಮಣ್ಣನ್ನು ಕೆಲವು ಸಸಿಗಳ ಬುಡಕ್ಕೆ ಬೆರೆಸಿದರು. ಆ ಸಸಿಗಳು ಎದ್ದು ನಿಂತವು. ದ್ವೀಪದಲ್ಲಿ ಇಲ್ಲದಿದ್ದುದು ಸಾರವಲ್ಲ, ಸಂಗಾತಿ. ಇದನ್ನು ಕೇಳಿ ಮಲೆನಾಡಿನ ಗೃಹಸ್ಥನು ಬುಟ್ಟಿ ಹಿಡಿದು ಶೆಟ್ಟಿಹಳ್ಳಿಯ ಕಾಡಿಗೆ ಮಣ್ಣು ತರಲು ಹೊರಟರೆ ಮತ್ತೆ ಹಳೆಯ ದಾರಿಯನ್ನೇ ಹಿಡಿದಂತಾಗುತ್ತದೆ. ಅಭಯಾರಣ್ಯದಿಂದ ಮಣ್ಣು ತರುವುದು ಕಾನೂನಿಗೂ ಒಪ್ಪದು. ಅದರ ಅಗತ್ಯವೂ ಇಲ್ಲ. ಅಡಕೆಗೂ ಹೊನ್ನೆಗೂ ಬೇಕಾದ ಬಗೆಯ ಶಿಲೀಂಧ್ರವನ್ನು ಕೃಷಿ ವಿಜ್ಞಾನಿಗಳು ಕುಂಡಗಳಲ್ಲಿ ಹುಲ್ಲು, ರಾಗಿ, ಜೋಳಗಳ ಬೇರಿನ ಮೇಲೆ ಬೆಳೆಸುತ್ತಾರೆ. ಬರಿಯ ಸಕ್ಕರೆಪಾಕದಲ್ಲಿ ಅದು ಬೆಳೆಯಲೊಲ್ಲದು. ಬದುಕಿರುವ ಬೇರೇ ಬೇಕು. ಕೆಲವು ತಿಂಗಳು ರಾಗಿ ಬೆಳೆದ ಮೇಲೆ ತೆನೆಯನ್ನೂ ದಂಟನ್ನೂ ಕೊಯ್ದು, ಕುಂಡದ ಮಣ್ಣನ್ನು ಬೇರಿನ ಚೂರುಗಳ ಸಮೇತ ನೆರಳಿನಲ್ಲಿ ಆರಿಸಿ ಇಡುತ್ತಾರೆ. ಸಸಿಯ ಚೀಲಕ್ಕೆ ಮಣ್ಣು ತುಂಬುವಾಗ ಬೀಜದ ಕೆಳಗೆ ಆ ಮಣ್ಣನ್ನು ಕೆಲವೇ ಗ್ರಾಮಿನಷ್ಟು ಹಾಕಿದರೆ ಸಾಕು. ಮೊಳೆತ ಬೇರು ಕೆಳಕ್ಕಿಳಿಯುವಾಗ ದಾರಿಯಲ್ಲಿ ಅದನ್ನು ಸಂಧಿಸುತ್ತದೆ.